ಕೆಜಿಎಫ್ ಕೆಳಗೆ ಇನ್ನೂ ಚಿನ್ನ ಇದೆಯಾ? ಕಲ್ಲನ್ನು ಕೇಳಿ ನೋಡೋಣ

ಬಂಗಾರಪೇಟೆ, ಬೇತಮಂಗಲ, ರಾಬರ್ಟ್‌ಸನ್‌ಪೇಟೆ ಕಡೆ ಯಾವ ಟೀ ಅಂಗಡಿಯಲ್ಲಿ ಕೂತರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಕೆಳಗೆ ಇನ್ನೂ ಬೇಕಾದಷ್ಟು ಚಿನ್ನ ಇದೆ, ಬೇಕಂತಲೇ ಮುಚ್ಚಿಬಿಟ್ರು." ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ನಿಂತದ್ದು 2001ರ ಫೆಬ್ರವರಿ 28ರಂದು. ಆಮೇಲೆ ಹುಟ್ಟಿದ ಮಕ್ಕಳೂ ಈಗ ದೊಡ್ಡವರಾಗಿ ಇದೇ ಮಾತು ಹೇಳುತ್ತಾರೆ. ಇದರ ಹಿಂದೆ ಕೆಲಸ ಕಳೆದುಕೊಂಡ ಸಾವಿರಾರು ಮನೆಗಳ ನೋವಿದೆ. ಹಾಗಾಗಿ ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಉತ್ತರ ಬೇಕಿದ್ದರೆ ಕಡತಕ್ಕಿಂತ ಮೊದಲು ಕಲ್ಲನ್ನು ನೋಡಬೇಕು. ಚಿನ್ನ ಇಲ್ಲಿಗೆ ಹೇಗೆ ಬಂತು, ನೆಲದೊಳಗೆ ಯಾವ ಆಕಾರದಲ್ಲಿ ಕೂತಿದೆ ಅಂತ ತಿಳಿದರೆ ಉಳಿದ ಪ್ರಶ್ನೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಗಣಿ ಯಾಕೆ ಮೂರು ಕಿಲೋಮೀಟರ್ ಆಳಕ್ಕೆ ಹೋಯಿತು, ಯಾಕೆ ಅಷ್ಟು ಜನ ಒಳಗೆ ಸತ್ತರು, ಯಾಕೆ ಕೊನೆಗೆ ಬಾಗಿಲು ಹಾಕಿತು, ಎಲ್ಲಕ್ಕೂ ಕಾರಣ ಆ ಆಕಾರದಲ್ಲೇ ಇದೆ.

ಕಪ್ಪು ಕಲ್ಲಿನ ಪಟ್ಟಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದವರು ಕಿಟಕಿಯಾಚೆ ನೆಲವನ್ನು ಗಮನಿಸಬೇಕು. ಬಂಗಾರಪೇಟೆಯವರೆಗೆ ಸಿಗುವುದು ನಮ್ಮ ಜಿಲ್ಲೆಯ ಮಾಮೂಲಿ ಕಲ್ಲು. ತಿಳಿ ಬೂದು ಬಣ್ಣದ ಗ್ರಾನೈಟ್, ಪಟ್ಟೆ ಪಟ್ಟೆಯ ನೈಸ್. ಅಂತರಗಂಗೆ ಬೆಟ್ಟದ ಗುಂಡುಗಳೂ ಇದೇ ಜಾತಿಯವು. ಮನೆಯ ಪಾಯಕ್ಕೆ, ಹೊಲದ ಬೇಲಿಯ ಕಲ್ಲುಕಂಬಕ್ಕೆ ಬರುವುದೂ ಇವೇ. ಕೆಜಿಎಫ್ ಹತ್ತಿರ ಬಂದಂತೆ ಬಣ್ಣ ಬದಲಾಗುತ್ತದೆ. ಹಸಿರು ಬೆರೆತ ಕಪ್ಪು, ಕೈಗೆತ್ತಿಕೊಂಡರೆ ಗ್ರಾನೈಟಿಗಿಂತ ಭಾರ. ಇದು ಹಾರ್ನ್‌ಬ್ಲೆಂಡ್ ಎಂಬ ಖನಿಜ ತುಂಬಿದ ಆಂಫಿಬೊಲೈಟ್ ಕಲ್ಲು. ಗಣಿಯ ಹಳೇ ಎಂಜಿನಿಯರುಗಳು ಇದನ್ನು ಹಾರ್ನ್‌ಬ್ಲೆಂಡ್ ಶಿಸ್ಟ್ ಎನ್ನುತ್ತಿದ್ದರು.

ಈ ಕಪ್ಪು ಕಲ್ಲು ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಹಬ್ಬಿದೆ. ಅಗಲ ಮಾತ್ರ ಹೆಚ್ಚಿನ ಕಡೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಎರಡೂ ಬದಿಗೆ ಗ್ರಾನೈಟ್ ಮತ್ತು ನೈಸ್, ನಡುವೆ ಈ ಸಪೂರ ಪಟ್ಟಿ. ಇದಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ದಕ್ಷಿಣಕ್ಕೆ ಆಂಧ್ರದ ಕುಪ್ಪಂ ಸೀಮೆ ದಾಟಿ ತಮಿಳುನಾಡಿನೊಳಗೂ ಹೋಗುತ್ತದೆ. ಆಂಧ್ರದ ಚಿಗರಗುಂಟ ಚಿನ್ನದ ಗಣಿ ಇದೇ ಪಟ್ಟಿಯ ಮೇಲಿತ್ತು.

ಈ ಪಟ್ಟಿ ಒಂದು ಕಾಲದಲ್ಲಿ ಸಮುದ್ರದ ತಳ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಇದು. ಲಾವಾ ನೀರಿಗೆ ಬಿದ್ದಾಗ ಹೊರಮೈ ತಕ್ಷಣ ಗಟ್ಟಿಯಾಗಿ, ಒಳಗಿನ ಬಿಸಿ ಕಲ್ಲು ಅದನ್ನು ಒಡೆದು ಮತ್ತೆ ಹೊರಬಂದು, ದಿಂಬಿನಾಕಾರದ ಉಂಡೆಗಳ ರಾಶಿ ಆಗುತ್ತದೆ. ಅಂಥ ಉಂಡೆಗಳ ಗುರುತು ಕೋಲಾರದ ಕಲ್ಲಿನಲ್ಲಿ ಇನ್ನೂ ಉಳಿದಿದೆ. ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ, ಕಲ್ಲುಚೂರುಗಳೇ ಗಟ್ಟಿಯಾಗಿ ಬಂಡೆಯಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ನಮ್ಮ ಜಿಲ್ಲೆಯ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ದೂರದೂರಕ್ಕೆ ಕರೆದೊಯ್ಯುತ್ತವೆ. ಮೊದಲು ಇಲ್ಲಿಗೆ ಕರೆತರಬೇಕು ಅಂತ ನನ್ನ ಆಸೆ.

ಆ ಲಾವಾದಲ್ಲಿ ಒಂದು ಭಾಗ ಕೊಮಾಟಿಯೈಟ್ ಎಂಬ ಜಾತಿಯದು. ಮೆಗ್ನೀಸಿಯಂ ಜಾಸ್ತಿ ಇರುವ ಈ ಲಾವಾ ಸುಮಾರು 1600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತಿತ್ತು. ಇವತ್ತಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿ ಲಾವಾ ಕಾರುವುದಿಲ್ಲ. ಆಗಿನ ಭೂಮಿಯ ಒಡಲು ಈಗಿಗಿಂತ ಬಿಸಿಯಾಗಿತ್ತು ಅನ್ನುವುದಕ್ಕೆ ಕೋಲಾರದ ಕಲ್ಲೂ ಒಂದು ಸಾಕ್ಷಿ.

ಇನ್ನು ಎರಡು ಬದಿಯ ಕಲ್ಲುಗಳು. ಪಶ್ಚಿಮದ ಗ್ರಾನೈಟ್ ಮತ್ತು ನೈಸ್‌ಗಳು ಹುಟ್ಟಿದ್ದು ಸುಮಾರು 263 ಕೋಟಿಯಿಂದ 255 ಕೋಟಿ ವರ್ಷಗಳ ಹಿಂದೆ. ಅವುಗಳ ಒಳಗೆ ಇನ್ನೂ ಹಳೆಯ, 300 ಕೋಟಿ ವರ್ಷ ದಾಟಿದ ನೆಲದ ಗುರುತು ಬೆರೆತಿದೆ. ಪೂರ್ವದ ನೈಸ್‌ಗೆ ಸುಮಾರು 253 ಕೋಟಿ ವರ್ಷ. ಅದರಲ್ಲಿ ಆ ಹಳೆಯ ಗುರುತು ಇಲ್ಲ. ಅಂದರೆ ಎಡಕ್ಕಿರುವ ನೆಲದ ಚರಿತ್ರೆಯೇ ಬೇರೆ, ಬಲಕ್ಕಿರುವ ನೆಲದ ಚರಿತ್ರೆಯೇ ಬೇರೆ. ಎರಡು ಬೇರೆ ಬೇರೆ ಭೂಖಂಡದ ತುಂಡುಗಳು ಸರಿದು ಬಂದು ಇಲ್ಲಿ ಕೂಡಿಕೊಂಡವು, ನಡುವಿನ ಸಮುದ್ರದ ತಳ ಸಿಕ್ಕಿಹಾಕಿಕೊಂಡು ನಿಂತಿತು ಎಂದು ಹಲವು ವಿಜ್ಞಾನಿಗಳು ವಾದಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ. ಆದರೆ ಈ ಪಟ್ಟಿ ಎರಡೂ ಕಡೆಯಿಂದ ಜೋರಾಗಿ ಒತ್ತಿಸಿಕೊಂಡಿದೆ, ಮಡಚಿಕೊಂಡಿದೆ, ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ ಎಂಬುದರಲ್ಲಿ ಅನುಮಾನವಿಲ್ಲ. ಚಿನ್ನಕ್ಕೆ ಬೇಕಾದದ್ದು ಇದೇ ಒತ್ತಡ.

ಬಿಸಿನೀರು ಹೊತ್ತು ತಂದದ್ದು

ಮಾಮೂಲಿ ಕಲ್ಲಿನಲ್ಲೂ ಚಿನ್ನ ಇರುತ್ತದೆ. ನಿಮ್ಮ ಮನೆಯ ಪಾಯದ ಕಲ್ಲಿನಲ್ಲೂ ಇದೆ. ಆದರೆ ಒಂದು ಟನ್ ಕಲ್ಲಿಗೆ ಕೆಲವೇ ಮಿಲಿಗ್ರಾಂ. ಅದನ್ನು ತೆಗೆಯುವ ಯೋಚನೆಯೇ ಬೇಡ. ಗಣಿ ಮಾಡಬೇಕಾದರೆ ಟನ್ನಿಗೆ ಕೆಲವು ಗ್ರಾಂ ಆದರೂ ಬೇಕು. ಅಂದರೆ ಹರಡಿಕೊಂಡ ಚಿನ್ನವನ್ನು ಯಾರೋ ಸಾವಿರ ಪಟ್ಟು ಒಂದೆಡೆ ಗುಡ್ಡೆ ಹಾಕಬೇಕು. ಭೂಮಿಯಲ್ಲಿ ಆ ಕೆಲಸ ಮಾಡುವುದು ಬಿಸಿನೀರು.

ಎರಡು ಬದಿಯ ಒತ್ತಡದಲ್ಲಿ ಪಟ್ಟಿ ಮಡಚಿಕೊಂಡು ಕೆಳಕ್ಕೆ ಹೋದಾಗ ಕಲ್ಲು ಕಾದಿತು. ಕಾದ ಕಲ್ಲಿನ ಖನಿಜಗಳು ತಮ್ಮೊಳಗಿದ್ದ ನೀರನ್ನು ಬಿಟ್ಟುಕೊಟ್ಟವು. ಈ ನೀರು ನೂರಾರು ಡಿಗ್ರಿ ಬಿಸಿ. ಮೇಲಿನ ಕಲ್ಲಿನ ಭಾರಕ್ಕೆ ಅದು ಆವಿಯಾಗಿ ಹಾರಿಹೋಗುವಂತಿಲ್ಲ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇತ್ತು, ಕರಗಿದ ಸಿಲಿಕಾ ಇತ್ತು, ಗಂಧಕ ಇತ್ತು. ಗಂಧಕವೇ ಇಲ್ಲಿ ಮುಖ್ಯ. ಚಿನ್ನ ಸಾಮಾನ್ಯ ನೀರಿಗೆ ಜಗ್ಗುವ ಲೋಹವಲ್ಲ. ಆದರೆ ಬಿಸಿನೀರಿನಲ್ಲಿ ಗಂಧಕ ಮತ್ತು ಜಲಜನಕ ಸೇರಿದ ಕಣಗಳಿದ್ದರೆ, ಅವು ಚಿನ್ನದ ಪರಮಾಣುವನ್ನು ಎರಡು ಕಡೆಯಿಂದ ಹಿಡಿದುಕೊಂಡು ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತವೆ. ಹೀಗೆ ಬಹುದೊಡ್ಡ ಜಾಗದಿಂದ ಚೂರು ಚೂರೇ ಚಿನ್ನ ಎತ್ತಿಕೊಂಡು ಆ ನೀರು ಮೇಲಕ್ಕೆ ಹೊರಟಿತು. ದಾರಿ ಯಾವುದು? ಒತ್ತಡದಲ್ಲಿ ಬಿರುಕು ಬಿಟ್ಟಿದ್ದ ಕಲ್ಲು.

ಹೊರಟ ಚಿನ್ನ ದಾರಿಯಲ್ಲಿ ಯಾಕೆ ಇಳಿಯಿತು? ಇದಕ್ಕೆ ಎರಡು ಕಾರಣ. ಎರಡೂ ಕೋಲಾರದಲ್ಲಿ ಕಾಣುತ್ತವೆ.

ಒಂದು, ಒತ್ತಡ ಇಳಿದದ್ದು. ಬಿರುಕಿನಲ್ಲಿ ನೀರು ತುಂಬಿ ತುಂಬಿ ಒತ್ತಡ ಏರುತ್ತದೆ. ಒಂದು ಹಂತದಲ್ಲಿ ಬಿರುಕು ಸರ್ರನೆ ಜಾರಿ ತೆರೆದುಕೊಳ್ಳುತ್ತದೆ. ಅದು ಒಂದು ಭೂಕಂಪ. ತೆರೆದ ಕ್ಷಣ ಒತ್ತಡ ಕುಸಿಯುತ್ತದೆ, ನೀರಿನಲ್ಲಿ ಕರಗಿದ್ದ ಸಿಲಿಕಾ ಇಳಿದು ಬೆಣಚುಕಲ್ಲಾಗುತ್ತದೆ, ಜೊತೆಗೆ ಚಿನ್ನವೂ ಇಳಿಯುತ್ತದೆ. ಬೆಣಚುಕಲ್ಲು ಬಿರುಕನ್ನು ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ, ಮತ್ತೆ ತೆರೆಯುತ್ತದೆ. ಇದು ಎಷ್ಟೋ ಸಲ ನಡೆದಿದೆ. ಅದಕ್ಕೇ ಇಂಥ ಅದಿರಿನ ಬೆಣಚುಕಲ್ಲು ಒಂದೇ ಸಮನೆ ಬೆಳ್ಳಗಿರುವುದಿಲ್ಲ. ಪದರ ಪದರವಾಗಿ, ನಡುವೆ ಕಪ್ಪು ಗೀರುಗಳಿರುತ್ತವೆ. ಒಂದೊಂದು ಪದರದ ಹಿಂದೆ ಹಿಂಗೇ ಬಾಯಿಬಿಟ್ಟು ಮುಚ್ಚಿಕೊಂಡ ಬಿರುಕು ಇದೆ.

ಇನ್ನೊಂದು, ಕಬ್ಬಿಣ. ಚಿನ್ನವನ್ನು ಹೊತ್ತಿದ್ದು ಗಂಧಕ ಅಂದೆನಲ್ಲ, ಆ ಗಂಧಕಕ್ಕೆ ಚಿನ್ನಕ್ಕಿಂತ ಕಬ್ಬಿಣದ ಮೇಲೆ ಜಾಸ್ತಿ ಸೆಳೆತ. ಕೋಲಾರದ ಕಪ್ಪು ಕಲ್ಲಿನಲ್ಲಿ ಕಬ್ಬಿಣ ಧಾರಾಳ. ನೀರು ಅದನ್ನು ಮುಟ್ಟಿದಾಗ ಗಂಧಕ ಕಬ್ಬಿಣವನ್ನು ಸೇರಿ ಪಿರೋಟೈಟ್, ಪೈರೈಟ್‌ನಂಥ ಸಲ್ಫೈಡ್ ಖನಿಜಗಳಾಗುತ್ತದೆ. ಹೊರುವವರು ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಉಳಿಯಬೇಕು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನ ಈ ಎರಡನೇ ದಾರಿಗೆ ಒಳ್ಳೆಯ ಉದಾಹರಣೆ. ಅಲ್ಲಿ ಚಿನ್ನ ಕೂತಿರುವುದು ಕಬ್ಬಿಣದ ಅದಿರಿನ ಪಟ್ಟೆಗಳಿರುವ ಕಲ್ಲಿನಲ್ಲೇ.

ಕೋಲಾರದಲ್ಲಿ ಎರಡು ಬಗೆಯ ಅದಿರೂ ಇವೆ. ಪಟ್ಟಿಯ ಪೂರ್ವಕ್ಕೆ ಬೆಣಚುಕಲ್ಲಿನ ರೀಫ್‌ಗಳು, ಅಂದರೆ ಚಿನ್ನ ಸೇರಿದ ತೆಳು ಪದರಗಳು, ಅವುಗಳಲ್ಲಿ ಹೆಸರಾದದ್ದು ಚಾಂಪಿಯನ್ ರೀಫ್. ಪಶ್ಚಿಮಕ್ಕೆ ಸಲ್ಫೈಡ್ ಜಾಸ್ತಿ ಇರುವ ಲೋಡ್‌ಗಳು. ಲೋಡ್ ಅಂದರೂ ಅದಿರಿನ ಪದರವೇ. ಓರಿಯೆಂಟಲ್, ಮೆಕ್‌ಟ್ಯಾಗರ್ಟ್ ಅಂತ ಅವಕ್ಕೆ ಹೆಸರು. ಚಿನ್ನವೆಲ್ಲ ಇಳಿದು ಕೂತದ್ದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ. ಆಮೇಲೆ ಡೊಲೆರೈಟ್ ಎಂಬ ಕರಿಕಲ್ಲು ದ್ರವವಾಗಿ ನುಗ್ಗಿ ರೀಫನ್ನು ಅಲ್ಲಲ್ಲಿ ಅಡ್ಡಕ್ಕೆ ಕತ್ತರಿಸಿತು. ಬಿರುಕುಗಳು ಅದನ್ನು ಅಲ್ಲಲ್ಲಿ ಸರಿಸಿದವು. ಮುಂದೆ ಈ ಕಡೆ ಗಣಿಯವರನ್ನು ಬಹಳ ಕಾಡಿದ್ದು ಈ ಕರಿಕಲ್ಲಿನ ಗೋಡೆಗಳು ಮತ್ತು ಈ ಸರಿದ ಜಾಗಗಳು.

ಒಂದು ಹಾಳೆಯಷ್ಟು ಚಿನ್ನ

ಈಗ ಆಕಾರಕ್ಕೆ ಬರೋಣ. ನನ್ನ ಪ್ರಕಾರ ಕೆಜಿಎಫ್ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕು.

ಚಾಂಪಿಯನ್ ರೀಫ್ ಉದ್ದ ಸುಮಾರು 8 ಕಿಲೋಮೀಟರ್. ಆಳ ಗಣಿ ಹೋದಷ್ಟಕ್ಕೇ 3.2 ಕಿಲೋಮೀಟರ್. ದಪ್ಪ? ಸರಾಸರಿ ಒಂದು ಮೀಟರ್ ಆಸುಪಾಸು. ಈ ಮೂರು ಅಳತೆಯನ್ನು ಹತ್ತು ಸಾವಿರ ಪಟ್ಟು ಚಿಕ್ಕದು ಮಾಡಿ. 80 ಸೆಂಟಿಮೀಟರ್ ಉದ್ದ, 32 ಸೆಂಟಿಮೀಟರ್ ಎತ್ತರ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದು ಒಂದು ಕಾಗದದ ಹಾಳೆ. ಮೇಲಂಚು ನೆಲದ ಮೇಲೆ, ಉಳಿದದ್ದೆಲ್ಲ ಕಲ್ಲಿನೊಳಗೆ, ಹಾಳೆ ಹೆಚ್ಚುಕಡಿಮೆ ನಿಂತಿದೆ. ಮೇಲಿನ ಭಾಗ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಆಳಕ್ಕೆ ಹೋದಂತೆ ನೆಟ್ಟಗಾಗುತ್ತದೆ.

ಹಾಳೆಯ ಮೇಲೂ ಎಲ್ಲ ಕಡೆ ಚಿನ್ನ ಒಂದೇ ಸಮ ಇಲ್ಲ. ರೀಫ್ ಮಡಚಿಕೊಂಡ ಕಡೆ, ಬಾಗಿದ ಕಡೆ ದಪ್ಪವಾಗಿ ಚಿನ್ನ ಸೇರಿದೆ. ಅಂಥ ಶ್ರೀಮಂತ ಭಾಗಗಳು ಓರೆ ಪಟ್ಟಿಗಳಾಗಿ ಆಳಕ್ಕೆ ಇಳಿಯುತ್ತವೆ. ಅವುಗಳ ನಡುವೆ ಬರೀ ಬೆಣಚುಕಲ್ಲು ಸಿಗುವ ಖಾಲಿ ಜಾಗಗಳೂ ಇವೆ. ಒಂದು ಗಣಿಗೆ ಭಾಗ್ಯ ಒಲಿದು ಪಕ್ಕದ ಗಣಿ ದಿವಾಳಿಯಾಗುವುದಕ್ಕೆ ಇದೇ ಕಾರಣ. ದಕ್ಷಿಣದಿಂದ ಉತ್ತರಕ್ಕೆ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಅಂತ ಸಾಲಾಗಿದ್ದ ಗಣಿಗಳೆಲ್ಲ ಅಗೆದದ್ದು ಈ ಒಂದೇ ಪಟ್ಟಿಯನ್ನು.

ಹಳಬರಿಗೆ ಈ ಹಾಳೆಯ ಮೇಲಂಚು ಗೊತ್ತಿತ್ತು. ಬ್ರಿಟಿಷರು ಬರುವ ಎಷ್ಟೋ ಕಾಲ ಮೊದಲೇ ಇಲ್ಲಿಯ ಜನ ಬೆಣಚುಕಲ್ಲನ್ನು ಬೆಂಕಿಯಿಂದ ಕಾಯಿಸಿ, ನೀರು ಸುರಿದು ಒಡೆದು ಚಿನ್ನ ತೆಗೆಯುತ್ತಿದ್ದರು. 1802ರಲ್ಲಿ ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ ಗಡಿ ಅಳತೆಗೆ ಬಂದಾಗ ಊರಿಗಾಂ ಜನ ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಲೈಸೆನ್ಸ್ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮೊದಲ ಕೆಲವು ವರ್ಷ ಬರೀ ನಷ್ಟ. ಹಾಳೆಯ ಪಕ್ಕದಲ್ಲಿ ಬಾವಿ ತೋಡಿದರೆ ಚಿನ್ನ ಸಿಗದು, ಅಲ್ವಾ? ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಾಗ ಮೈಸೂರು ಮೈನಿನ ಕ್ಯಾಪ್ಟನ್ ಪ್ಲಮರ್ ಹಳಬರ ಗುಂಡಿಗಳ ಕೆಳಗೇ ಅಗೆಸಿದ. ಹಳಬರು ನಿಲ್ಲಿಸಿದ ಜಾಗದಿಂದ ಕೆಳಕ್ಕೆ ಚಾಂಪಿಯನ್ ರೀಫ್ ಸಿಕ್ಕಿತು. ಕೆಜಿಎಫ್‌ನ ಭೂವಿಜ್ಞಾನದ ಮೊದಲ ನಕ್ಷೆ ಬರೆದವರು ಹೆಸರಿಲ್ಲದ ಆ ಹಳ್ಳಿಗರು. ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿದೆ.

ಬೆಳ್ಳಿ ಎಲ್ಲಿಂದ ಬಂತು

ಕೋಲಾರದ ಗಣಿಯಿಂದ ಬೆಳ್ಳಿಯೂ ಬರುತ್ತಿತ್ತು ಅಂದರೆ ಹಲವರಿಗೆ ಆಶ್ಚರ್ಯ. ಇಲ್ಲಿ ಬೆಳ್ಳಿಯ ಬೇರೆ ಗಣಿ ಇರಲಿಲ್ಲ. ಬೆಳ್ಳಿ ಇದ್ದದ್ದು ಚಿನ್ನದ ಕಣದ ಒಳಗೇ. ಚಿನ್ನದ ಪರಮಾಣು ಮತ್ತು ಬೆಳ್ಳಿಯ ಪರಮಾಣು ಹೆಚ್ಚುಕಡಿಮೆ ಒಂದೇ ಗಾತ್ರ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಪ್ರಕೃತಿಯಲ್ಲಿ ಸಿಗುವ ಚಿನ್ನದಲ್ಲಿ ಒಂದಿಷ್ಟು ಬೆಳ್ಳಿ ಬೆರೆತೇ ಇರುತ್ತದೆ.

ಎಷ್ಟು ಬೆಳ್ಳಿ ಅನ್ನುವುದು ಆ ಗಣಿ ಹುಟ್ಟಿದ ಬಗೆಯನ್ನು ಹೇಳುತ್ತದೆ. ಜ್ವಾಲಾಮುಖಿಯ ಪಕ್ಕ, ನೆಲಮಟ್ಟಕ್ಕೆ ಹತ್ತಿರದಲ್ಲಿ ಹುಟ್ಟಿದ ಅದಿರಿನಲ್ಲಿ ಹಲವು ಕಡೆ ಚಿನ್ನಕ್ಕಿಂತ ಬೆಳ್ಳಿಯೇ ಜಾಸ್ತಿ. ಕೋಲಾರದಂತೆ ಆಳದಲ್ಲಿ, ಗಂಧಕ ಬೆರೆತ ಬಿಸಿನೀರಿನಿಂದ ಹುಟ್ಟಿದ ಕಡೆ ಚಿನ್ನದ ಪಾಲೇ ದೊಡ್ಡದು, ಬೆಳ್ಳಿ ಸ್ವಲ್ಪ. ನೆಲದ ಮೇಲೆ ಮಳೆ, ಗಾಳಿಗೆ ಸಿಕ್ಕ ಚಿನ್ನದ ಕಣದಿಂದ ಬೆಳ್ಳಿ ಬೇಗ ಕರಗಿ ಹೋಗುತ್ತದೆ. ಅದಕ್ಕೇ ಹಳ್ಳದ ಮರಳಿನಲ್ಲಿ ಸಿಗುವ ಕಣದ ಹೊರಮೈ ಆಳದ ಚಿನ್ನಕ್ಕಿಂತ ಶುದ್ಧ. ಅದಿರನ್ನು ಪುಡಿ ಮಾಡುವ ಗಿರಣಿಯಲ್ಲಿ ಸೈನೈಡ್ ನೀರು ಚಿನ್ನ ಬೆಳ್ಳಿ ಎರಡನ್ನೂ ಒಟ್ಟಿಗೆ ಕರಗಿಸುತ್ತದೆ. ಸತುವಿನ ಪುಡಿ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಕೊನೆಯಲ್ಲಿ ಶುದ್ಧ ಮಾಡುವಾಗ ಬೇರ್ಪಡಿಸಬೇಕು. ಕೋಲಾರದ ಬೆಳ್ಳಿ ಹಾಗೆ ಬಂದದ್ದು. ಶೀಲೈಟ್ ಎಂಬ ಟಂಗ್‌ಸ್ಟನ್ ಅದಿರು ಕೂಡ ಈ ರೀಫ್‌ನಲ್ಲಿದೆ. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಅದು ನೀಲಿಯಾಗಿ ಹೊಳೆಯುತ್ತದೆ.

ಆಳ, ಬಿಸಿ, ಸಿಡಿಯುವ ಕಲ್ಲು

ಹಾಳೆ ನಿಂತಿದೆ. ತೆಳ್ಳಗಿದೆ. ಹಾಗಾದರೆ ಚಿನ್ನ ಬೇಕಾದವರಿಗೆ ಇರುವುದು ಒಂದೇ ದಾರಿ, ಕೆಳಕ್ಕೆ. ಅಗಲಕ್ಕೆ ಹೋದರೆ ಒಂದು ಮೀಟರಿಗೆ ಮುಗಿಯಿತು. ಕೆಜಿಎಫ್ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾದದ್ದು ಈ ಕಾರಣಕ್ಕೆ.

ರೀಫ್ ಪಶ್ಚಿಮಕ್ಕೆ ಓರೆಯಾಗಿರುವುದರಿಂದ, ಆಳದಲ್ಲಿ ಅದನ್ನು ಮುಟ್ಟಲು ಮೇಲಂಚಿನ ಪಶ್ಚಿಮಕ್ಕೆ ಸರಿದು ಶಾಫ್ಟ್, ಅಂದರೆ ನೇರ ಬಾವಿ, ಇಳಿಸಬೇಕಿತ್ತು. ಒಂದೇ ಶಾಫ್ಟಿನಲ್ಲಿ ತಳ ಮುಟ್ಟಲಾಗುತ್ತಿರಲಿಲ್ಲ. ಲಿಫ್ಟಿನಂಥ ಕೇಜ್‌ನಲ್ಲಿ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಶಾಫ್ಟ್ ಇಳಿಯಬೇಕು. ಕೆಲಸದ ಹೊತ್ತಿನ ಒಂದು ದೊಡ್ಡ ಪಾಲು ಹೋಗಿ ಬರುವುದಕ್ಕೇ ಆಗುತ್ತಿತ್ತು. ಅದಿರು, ಕಲ್ಲು, ನೀರು ಎಲ್ಲವನ್ನೂ ಅಷ್ಟು ಎತ್ತರಕ್ಕೆ ಎಳೆಯಲು ಶಕ್ತಿ ಬೇಕು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಕರೆಂಟ್ ತಯಾರಾಗಿ, ಸುಮಾರು 147 ಕಿಲೋಮೀಟರ್ ಲೈನಿನಲ್ಲಿ ಮೊದಲು ಬಂದದ್ದು ಈ ಗಣಿಗೆ. ಬೆಂಗಳೂರಿಗೆ ಕರೆಂಟ್ ಬಂದದ್ದು ಆಮೇಲೆ.

ಆಳಕ್ಕೆ ಹೋದಂತೆ ಕಲ್ಲು ಬಿಸಿ. ಮೂರು ಕಿಲೋಮೀಟರ್ ಕೆಳಗೆ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ದೂಡದಿದ್ದರೆ ಅಲ್ಲಿ ಮನುಷ್ಯ ನಿಲ್ಲಲಾರ. ಇಷ್ಟಾದರೂ ಇದು ಕಡಿಮೆಯೇ. ಜಗತ್ತಿನ ಬಹುಪಾಲು ಕಡೆ ಅಷ್ಟೇ ಆಳಕ್ಕೆ ಹೋದರೆ ಇನ್ನೂ ಬಿಸಿ ಇರುತ್ತದೆ. ದಕ್ಷಿಣ ಭಾರತದ ಈ ನೆಲ ಬಹಳ ಹಳೆಯದು, ದಪ್ಪ, ತಣ್ಣಗಾಗಿ ಎಷ್ಟೋ ಕಾಲವಾಗಿದೆ. ಆ ಮುದಿ ನೆಲದ ದಯೆಯಿಂದಲೇ ಗಣಿ ಅಷ್ಟು ಆಳಕ್ಕೆ ಇಳಿಯಲು ಆಯಿತು.

ಭಾರದ ವಿಷಯದಲ್ಲಿ ಆ ದಯೆ ಇರಲಿಲ್ಲ. ಲೆಕ್ಕ ಸುಲಭ. ಇಲ್ಲಿಯ ಕಪ್ಪು ಕಲ್ಲು ಒಂದು ಘನ ಮೀಟರಿಗೆ ಸುಮಾರು 2.9 ಟನ್ ತೂಗುತ್ತದೆ. ಮೂರು ಕಿಲೋಮೀಟರ್ ಕೆಳಗೆ ಒಂದು ಚದರ ಮೀಟರ್ ಜಾಗದ ಮೇಲೆ ಕೂತಿರುವ ಕಲ್ಲು ಸುಮಾರು 8,700 ಟನ್. ನೆಲವನ್ನು ಅಗೆಯದೇ ಇರುವಾಗ ಈ ಭಾರವನ್ನು ಎಲ್ಲ ಕಲ್ಲೂ ಹಂಚಿಕೊಂಡಿರುತ್ತದೆ. ರೀಫ್ ತೆಗೆದಾಗ ಹಾಳೆಯ ಜಾಗದಲ್ಲಿ ಒಂದು ಉದ್ದನೆಯ ಖಾಲಿ ಸೀಳು ಉಳಿಯುತ್ತದೆ. ಅಲ್ಲಿ ಹೊರುತ್ತಿದ್ದ ಭಾರ ಸೀಳಿನ ಅಂಚಿಗೆ, ಅಂದರೆ ಇನ್ನೂ ತೆಗೆಯದ ರೀಫ್ ಮೇಲೆ ಬಂದು ಕೂರುತ್ತದೆ. ಆ ಅಂಚಿನಲ್ಲೇ ಜನ ಕೆಲಸ ಮಾಡುತ್ತಿರುತ್ತಾರೆ.

ಮೆತ್ತನೆಯ ಕಲ್ಲಾಗಿದ್ದರೆ ನಿಧಾನಕ್ಕೆ ಕುಗ್ಗುತ್ತಿತ್ತು. ಕೋಲಾರದ ಕಲ್ಲು ಗಟ್ಟಿ. ಬಾಗದು. ಭಾರವನ್ನು ಒಳಗೇ ಹಿಡಿದುಕೊಂಡು, ತಾಳಲಾರದ ಹೊತ್ತಿಗೆ ಒಮ್ಮೆಲೇ ಸಿಡಿಯುತ್ತದೆ. ಇದೇ ರಾಕ್ ಬರ್ಸ್ಟ್. ಎಚ್ಚರಿಕೆ ಕೊಡದೆ ಗೋಡೆ ಚೂರುಚೂರಾಗಿ ಎರಚಿಕೊಳ್ಳುತ್ತದೆ, ಸುರಂಗ ಮುಚ್ಚಿಹೋಗುತ್ತದೆ. ದೊಡ್ಡವು ಆದಾಗ ಮೇಲೆ ಊರಿನ ಮನೆಗಳೇ ಅಲುಗುತ್ತಿದ್ದವು. ರೀಫನ್ನು ಅಡ್ಡ ಕತ್ತರಿಸಿದ ಡೊಲೆರೈಟ್ ಗೋಡೆಗಳು, ಹಳೆಯ ಬಿರುಕುಗಳು, ಮಡಿಕೆಗಳು ಇರುವ ಕಡೆ ಭಾರ ಇನ್ನೂ ಜಾಸ್ತಿ ಸೇರುತ್ತಿತ್ತು. ಚಿನ್ನ ಜಾಸ್ತಿ ಇರುವುದೂ ಮಡಿಕೆಗಳಲ್ಲೇ ಅಂದೆನಲ್ಲ. ಅತಿ ಶ್ರೀಮಂತ ಜಾಗ ಮತ್ತು ಅತಿ ಅಪಾಯದ ಜಾಗ ಒಂದೇ ಆದದ್ದು ಹೀಗೆ. ಖಾಲಿ ಸೀಳುಗಳನ್ನು ಗ್ರಾನೈಟ್ ಕಲ್ಲು ಕಟ್ಟಿ ತುಂಬಿದರು, ಆಮೇಲೆ ಕಾಂಕ್ರೀಟ್ ಬಳಸಿದರು. ಕಂಪನ ಅಳೆಯುವ ಯಂತ್ರಗಳನ್ನು ಕೂರಿಸಿದರು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದಕ್ಕೆ ಈ ಸಾವುಗಳೇ ಹಿನ್ನೆಲೆ.

ಕಲ್ಲು ಇನ್ನೊಂದು ದಾರಿಯಲ್ಲೂ ಕೊಂದಿತು. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ ಏಳುವ ಸಣ್ಣ ಧೂಳು ಎದೆಗೂಡಿಗೆ ಹೋದರೆ ಹೊರಬರುವುದಿಲ್ಲ. ಶ್ವಾಸಕೋಶ ಗಾಯವಾಗಿ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಹತ್ತಿದ ಕಾರ್ಮಿಕರು ಕೆಮ್ಮಿ ಕೆಮ್ಮಿ ಮನೆಯಲ್ಲೇ ಸತ್ತರು. ಅಂಥ ಸಾವನ್ನು ಗಣಿ ಅಪಘಾತ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಆ ಆಳದಿಂದ ಒಂದು ಒಳ್ಳೆಯ ಸುದ್ದಿಯೂ ಬಂತು. ಮೇಲಿನ ದಪ್ಪ ಕಲ್ಲು ಆಕಾಶದಿಂದ ಬರುವ ಉಳಿದ ಕಣಗಳನ್ನು ಬಹುಪಾಲು ತಡೆಯುತ್ತದೆ. ನ್ಯೂಟ್ರಿನೋ ಎಂಬ ಅತಿ ಸಣ್ಣ ಕಣ ಸಲೀಸಾಗಿ ದಾಟಿ ಬರುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ಸುಮಾರು 2.3 ಕಿಲೋಮೀಟರ್ ಕೆಳಗೆ ಯಂತ್ರ ಇಟ್ಟು, ಭೂಮಿಯ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಹಿಡಿದರು.

ಹಾಗಾದರೆ ಇನ್ನೂ ಇದೆಯಾ?

ಇದೆ. ಬಿಸಿನೀರು ಹತ್ತಿದ ಬಿರುಕು ಗಣಿಯ ತಳದಲ್ಲೇ ಶುರುವಾಗಿರಲು ಕಾರಣವಿಲ್ಲ. ಹಾಳೆಯ ಕೆಳ ಅಂಚನ್ನು ಯಾರೂ ಕಂಡಿಲ್ಲ. ಪಶ್ಚಿಮದ ಸಲ್ಫೈಡ್ ಲೋಡ್‌ಗಳಲ್ಲೂ ಚಿನ್ನ ಉಳಿದಿದೆ. ಟೀ ಅಂಗಡಿಯ ಮಾತಿನ ಮೊದಲ ಅರ್ಧ ಸರಿ.

ಪ್ರಶ್ನೆ ಇರುವುದು ಟನ್ನಿಗೆ ಎಷ್ಟು, ಯಾವ ಆಳದಲ್ಲಿ ಎಂಬುದು. ಆರಂಭದ ಕಾಲದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಚಿನ್ನ ಸಿಗುತ್ತಿತ್ತು. ಮುಚ್ಚುವ ಹೊತ್ತಿಗೆ ಅದು 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಒಟ್ಟು ಸುಮಾರು 800 ಟನ್ ಚಿನ್ನ ಮೇಲೆ ಬಂದಿದೆ. ಶ್ರೀಮಂತ ಭಾಗಗಳೆಲ್ಲ ಖಾಲಿಯಾಗಿ, ಹಾಳೆಯ ಬಡ ಭಾಗ ಉಳಿದಿತ್ತು. ತೆಳು ರೀಫ್ ತೆಗೆಯಲು ಮನುಷ್ಯ ನುಗ್ಗುವಷ್ಟು ಜಾಗ ಬೇಕು. ಹಾಗಾಗಿ ಪಕ್ಕದ ಖಾಲಿ ಕಲ್ಲನ್ನೂ ಒಡೆದು ಮೇಲೆ ತರಬೇಕು. 3 ಗ್ರಾಂ ಚಿನ್ನಕ್ಕೆ ಒಂದು ಟನ್ ಕಲ್ಲನ್ನು ಮೂರು ಕಿಲೋಮೀಟರ್ ಎತ್ತಬೇಕು, ತಂಪು ಗಾಳಿ ಕಳಿಸಬೇಕು, ದಿನವಿಡೀ ನೀರು ಪಂಪ್ ಮಾಡಬೇಕು. 2001ರಲ್ಲಿ ಚಿನ್ನದ ಬೆಲೆ ಔನ್ಸಿಗೆ, ಅಂದರೆ ಸುಮಾರು 31 ಗ್ರಾಂಗೆ, 270 ಡಾಲರ್ ಹತ್ತಿರ ಇತ್ತು. ಲೆಕ್ಕ ಕೂಡುತ್ತಿರಲಿಲ್ಲ.

ಗಣಿ ಮುಚ್ಚಿದ ರೀತಿ, ಕಾರ್ಮಿಕರನ್ನು ನಡೆಸಿಕೊಂಡ ರೀತಿ ಬೇರೆಯೇ ವಿಷಯ. ಅದಕ್ಕೆ ಕಲ್ಲನ್ನು ಹೊಣೆ ಮಾಡುವುದು ತಪ್ಪು. ಅದಿರು ಬಡವಾಗುತ್ತಿದೆ ಅಂತ ಭೂವಿಜ್ಞಾನ ದಶಕಗಳ ಮೊದಲೇ ಹೇಳುತ್ತಿತ್ತು. ಬೇರೆ ಕೆಲಸ, ಬೇರೆ ಕೈಗಾರಿಕೆ ಕಟ್ಟಲು ಅಷ್ಟು ಸಮಯ ಇತ್ತು.

ಈಗ ಚಿನ್ನದ ಬೆಲೆ ಎಷ್ಟೋ ಪಟ್ಟು ಏರಿದೆ, ಮತ್ತೆ ತೆರೆಯಬಹುದಲ್ಲ ಅಂತ ಕೇಳುವವರಿದ್ದಾರೆ. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ನೀರು ಬಿರುಕುಗಳಿಗೆ ಇಳಿದು ಕಲ್ಲಿನ ಹಿಡಿತವನ್ನು ಸಡಿಲಿಸುತ್ತದೆ. ಗಣಿ ನಿಂತ ಮೇಲೂ ಕೆಜಿಎಫ್‌ನಲ್ಲಿ ನೆಲ ನಡುಗಿದ್ದುಂಟು. ಆ ನೀರನ್ನು ಹೊರಹಾಕಿ, ಹಳೆಯ ಸೀಳುಗಳ ನಡುವೆ ಭಾರ ಹೊತ್ತು ನಿಂತ ಕಂಬಗಳನ್ನು ಮತ್ತೆ ಮುಟ್ಟುವುದು ಬಹಳ ಅಪಾಯದ ಕೆಲಸ. ಹೊಸದಾಗಿ ಹುಡುಕುವುದಾದರೆ ಪಟ್ಟಿಯ ಉಳಿದ ಭಾಗದಲ್ಲಿ, ಕಡಿಮೆ ಆಳದಲ್ಲಿ ಹುಡುಕಬೇಕು.

ಸದ್ಯಕ್ಕೆ ಕೈಗೆ ಸಿಗುವ ಚಿನ್ನ ನೆಲದ ಮೇಲಿದೆ. ಊರಿನ ನಡುವೆ ನಿಂತಿರುವ ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಗಿರಣಿಯ ಪುಡಿ ಇದೆ. ಟನ್ನಿಗೆ ಅರ್ಧ ಗ್ರಾಂ ಅಂತ ಹಿಡಿದರೂ 16 ಟನ್ ಚಿನ್ನ ಆಯಿತು. ಶಾಫ್ಟ್ ಬೇಡ, ಒಡೆಯುವುದು ಬೇಡ, ಕಲ್ಲು ಆಗಲೇ ಪುಡಿಯಾಗಿದೆ. 2024ರಲ್ಲಿ ಈ ಹದಿಮೂರು ದಿಬ್ಬಗಳಿಂದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಇಲ್ಲೂ ಕಲ್ಲಿನ ಮಾತು ಕೇಳಬೇಕು. ಜನರಿಗೆ ಹೆದರಿಕೆ ಸೈನೈಡ್ ಬಗ್ಗೆ. ಆದರೆ ಬಿಸಿಲು ಗಾಳಿಗೆ ಬಿದ್ದ ಸೈನೈಡ್ ವರ್ಷಗಳು ಕಳೆದಂತೆ ಒಡೆದುಹೋಗುತ್ತದೆ. ಒಡೆದುಹೋಗದೇ ಉಳಿಯುವುದು ಅದಿರಿನ ಜೊತೆ ಬಂದ ಲೋಹಗಳು. ಪಶ್ಚಿಮದ ಲೋಡ್‌ಗಳಲ್ಲಿ ಆರ್ಸೆನೊಪೈರೈಟ್ ಇತ್ತು, ಅದರಲ್ಲಿ ಆರ್ಸೆನಿಕ್ ಇದೆ. ಬೆಣಚುಕಲ್ಲಿನ ನುಣ್ಣನೆ ಪುಡಿಯಂತೂ ದಿಬ್ಬದ ತುಂಬಾ ಇದೆ. ಆಷಾಢದ ಗಾಳಿಗೆ ಎದ್ದು ಮನೆಯೊಳಗೆ, ತಟ್ಟೆಯೊಳಗೆ, ಮಕ್ಕಳ ಎದೆಯೊಳಗೆ ಹೋಗುವುದು ಇದೇ ಧೂಳು. ದಿಬ್ಬಕ್ಕೆ ಕೈ ಹಾಕುವವರು ಯಾವ ದಿಬ್ಬದಲ್ಲಿ ಯಾವ ಲೋಡಿನ ಪುಡಿ ಇದೆ, ಆರ್ಸೆನಿಕ್ ಎಷ್ಟಿದೆ, ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಎಷ್ಟಿದೆ ಅಂತ ಮೊದಲು ಅಳೆದು ಊರಿನವರಿಗೆ ಕನ್ನಡ, ತಮಿಳು, ತೆಲುಗಿನಲ್ಲಿ ಹೇಳಬೇಕು. ಅಗೆಯುವಾಗ ಪುಡಿ ಒದ್ದೆಯಾಗಿರಬೇಕು. ಚಿನ್ನ ತೆಗೆದ ಮೇಲೆ ಉಳಿಯುವ ಕೋಟಿಗಟ್ಟಲೆ ಟನ್ ಪುಡಿ ಎಲ್ಲಿಗೆ ಹೋಗುತ್ತದೆ ಎಂಬುದು ಟೆಂಡರ್ ಕಾಗದದಲ್ಲೇ ಬರೆದಿರಬೇಕು.